ಗೆದ್ದವರ ಭಾಷೆಯೇ ಉಳಿಯುತ್ತದೆಯೇ?

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ಭಾಷೆ ಹುಟ್ಟಿ ಬೆಳೆದ ಬಗೆಯನ್ನು ಹೇಳುವ ಲೇಖನ ಓದಿಸಿಕೊಂಡು ಹೋಯಿತು. ಆದರೆ ‘ಗೆದ್ದವರ ಭಾಷೆಯೇ ಉಳಿಯುತ್ತದೆ’ ಅನ್ನುವ ಅದರ ಮಾತಿಗೆ ನನ್ನದೊಂದು ತಕರಾರಿದೆ. ಇಂಗ್ಲೆಂಡಿನ ಮಟ್ಟಿಗಂತೂ ಹಾಗಾಗಲಿಲ್ಲ.

ರೋಮನ್ನರನ್ನೇ ನೋಡಿ. ಕ್ರಿ.ಶ. 43ರಲ್ಲಿ ಬಂದವರು 410ರ ಆಸುಪಾಸಿನವರೆಗೆ ಆಳಿದರು. ರಸ್ತೆ ಹಾಕಿದರು, ಪಟ್ಟಣ ಕಟ್ಟಿದರು, ಉತ್ತರದ ಗಡಿಗೆ ಗೋಡೆ ಎಬ್ಬಿಸಿದರು. ಫ್ರಾನ್ಸ್, ಸ್ಪೇನುಗಳಲ್ಲಿ ಅವರ ಲ್ಯಾಟಿನ್ ಜನರ ಮನೆಮಾತಾಯಿತು. ಇಂಗ್ಲೆಂಡಿನಲ್ಲಿ ಆಗಲಿಲ್ಲ.

ಆಮೇಲೆ ಉತ್ತರ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಜನ ಬಂದರು. ಇಂಗ್ಲಿಷಿನ ಬೇರು ಇವರ ಮಾತಿನಲ್ಲಿದೆ. ಇವರು ಅಲ್ಲಿ ಮೊದಲಿಂದ ಇದ್ದ ಬ್ರಿಟನ್ನರನ್ನು ಪೂರ್ತಿ ಓಡಿಸಿಬಿಟ್ಟರು ಅಂತ ಲೇಖನದಲ್ಲಿದೆ. ನಾವು ಓದಿದ ಕಾಲದಲ್ಲಿ ಪಾಠವೂ ಹಾಗೇ ಇತ್ತು. 2022ರಲ್ಲಿ ಹಳೆಯ ಸಮಾಧಿಗಳ ಮೂಳೆಗಳಿಂದ ಡಿಎನ್‌ಎ ತೆಗೆದು ನೋಡಿದಾಗ, ಪೂರ್ವ ಇಂಗ್ಲೆಂಡಿನ ಆ ಕಾಲದ ಜನರಲ್ಲಿ ಶೇ 76ರವರೆಗೆ ಸಮುದ್ರದಾಚೆಯ ವಂಶ ಕಂಡಿತು. ಗಂಡಸರಷ್ಟೇ ಅಲ್ಲ, ಹೆಂಗಸರೂ ಬಂದಿದ್ದರು. ಆದರೆ ಹಳೆಯ ಬ್ರಿಟನ್ನರ ವಂಶವೂ ಅಳಿದಿರಲಿಲ್ಲ. ಎರಡೂ ಕಡೆಯ ರಕ್ತ ಬೆರೆತವರೂ ಅಲ್ಲೇ ಮಣ್ಣಾಗಿದ್ದರು. ಬ್ರಿಟನ್ನರ ಮಾತು ಮಾತ್ರ ಇಂಗ್ಲಿಷಿಗೆ ಹೆಚ್ಚೇನೂ ಸೇರಲಿಲ್ಲ. ಥೇಮ್ಸ್, ಏವನ್ ಥರದ ನದಿಗಳ ಹೆಸರಲ್ಲಿ ಉಳಿದಿದೆ.

ಲೇಖನ ನಿಜಕ್ಕೂ ಅನ್ಯಾಯ ಮಾಡಿರುವುದು ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗೇರಿ ಬಂದ ವೈಕಿಂಗರಿಗೆ. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಲೂಟಿ ಮಾಡಿದರು ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದಾರೆ. ಲೂಟಿಗೆ ಬಂದವರು ಆಮೇಲೆ ಅಲ್ಲೇ ನೆಲೆಯೂರಿದರಲ್ವಾ? 878ರಲ್ಲಿ ಆಲ್ಫ್ರೆಡ್ ದೊರೆ ಎಡಿಂಗ್ಟನ್‌ನಲ್ಲಿ ಅವರನ್ನು ಸೋಲಿಸಿದ, ನಿಜ. ಆದರೂ ಉತ್ತರ ಮತ್ತು ಪೂರ್ವದ ದೊಡ್ಡ ಭಾಗ ಅವರ ಕೈಯಲ್ಲೇ ಉಳಿಯಿತು. ಅಲ್ಲಿ ಹೊಲ ಉತ್ತರು, ಅಕ್ಕಪಕ್ಕದವರ ಜೊತೆ ಸಂಬಂಧ ಬೆಳೆಸಿದರು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಎಲ್ಲ ಅವರು ಹೆಸರಿಟ್ಟ ಊರುಗಳು. ಸ್ಕೈ, ಲೆಗ್, ನೈಫ್, ವಿಂಡೋ, ಹಸ್ಬೆಂಡ್ ಅವರ ಕಡೆಯ ಮಾತುಗಳೇ. ಅಷ್ಟೇ ಏಕೆ, ದೇ, ದೆಮ್ ಕೂಡ. ‘ಅವರು’ ಅನ್ನುವಂಥ ಮಾತನ್ನು ಬೇರೆ ಭಾಷೆಯಿಂದ ಯಾರೂ ಸುಮ್ನೆ ಕಡ ತರುವುದಿಲ್ಲ. ಒಂದೇ ಊರಲ್ಲಿ ತಲೆಮಾರುಗಟ್ಟಲೆ ಒಟ್ಟಿಗೆ ಬಾಳಿದರೆ ಮಾತ್ರ ಹಾಗಾಗುತ್ತದೆ.

ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಮುನ್ನುಡಿಯಲ್ಲಿ ಹೇಳಿದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಥೇಮ್ಸ್‌ನಲ್ಲಿ ಹೊರಟಿದ್ದ ವರ್ತಕರ ಹಡಗು ಗಾಳಿ ಇಲ್ಲದೆ ನಿಂತಿತು. ಶೆಫೀಲ್ಡ್ ಎಂಬ ವರ್ತಕ ದಡಕ್ಕಿಳಿದು ಒಂದು ಮನೆಯಲ್ಲಿ ಊಟ ಕೇಳಿದ, ಮುಖ್ಯವಾಗಿ ‘ಎಗ್ಸ್’ ಬೇಕೆಂದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಅಂದಳು. ವರ್ತಕನಿಗೆ ಸಿಟ್ಟು ಬಂತು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಇನ್ನೊಬ್ಬ ‘ಐರೆನ್’ ಬೇಕೆಂದಾಗ ಆಕೆಗೆ ಅರ್ಥವಾಯಿತು. ಐರೆನ್ ಅಂದರೆ ದಕ್ಷಿಣದ ಹಳೆಯ ಇಂಗ್ಲಿಷಿನಲ್ಲಿ ಮೊಟ್ಟೆಗಳು. ಎಗ್ ಉತ್ತರದಿಂದ ಇಳಿದು ಬಂದ ವೈಕಿಂಗರ ಮಾತು. ವೈಕಿಂಗರು ನೆಲೆಯೂರಿ ಆರುನೂರು ವರ್ಷ ಕಳೆದ ಮೇಲೂ ಆಕೆಗೆ ಅದು ಪರದೇಶದ ಮಾತಾಗಿ ಕೇಳಿಸಿತ್ತು. ಇವತ್ತು ಐರೆನ್ ಅಂದರೆ ಇಂಗ್ಲೆಂಡಿನಲ್ಲಿ ಯಾರಿಗೂ ತಿಳಿಯದು.

ಇನ್ನು ಉತ್ತರ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು. 1066ರಲ್ಲಿ ಹೇಸ್ಟಿಂಗ್ಸ್‌ನಲ್ಲಿ ಗೆದ್ದದ್ದು ಇವರೇ. ಇವರ ಹಿರಿಯರಲ್ಲೂ ವೈಕಿಂಗರಿದ್ದರು. ಫ್ರಾನ್ಸಿನ ನೆಲದಲ್ಲಿ ಕೂತು ಕೆಲವೇ ತಲೆಮಾರಿನಲ್ಲಿ ಸ್ವಂತ ಮಾತು ಬಿಟ್ಟವರು. ಇಂಗ್ಲೆಂಡಿಗೆ ಬಂದ ಮೇಲೆ ಫ್ರೆಂಚನ್ನೂ ನಿಧಾನಕ್ಕೆ ಬಿಟ್ಟರು. ಇಂಗ್ಲಿಷಿಗೆ ಅವರು ಕೊಟ್ಟ ಪದಗಳು ಎಣಿಕೆಯಲ್ಲಿ ವೈಕಿಂಗರದ್ದಕ್ಕಿಂತ ಬಹಳ ಜಾಸ್ತಿ, ಒಪ್ಪುತ್ತೇನೆ. ಆದರೆ ಅವುಗಳಲ್ಲಿ ಎಷ್ಟೋ ಅರಮನೆ, ಕಚೇರಿ, ಭೋಜನಶಾಲೆಯವು. ನಮ್ಮ ತಾಲ್ಲೂಕು ಕೋರ್ಟಿನ ಮುಂದೆ ಕಾಯುವವರ ಬಾಯಲ್ಲಿ ದಿನಾ ಬರುವ ಕೋರ್ಟು, ಜಡ್ಜು, ಅಪೀಲು, ಬೇಲು, ಜೈಲು, ವಾರಂಟು ಎಲ್ಲವೂ ನಾರ್ಮನ್ನರ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಕನ್ನಡಕ್ಕೆ ಸೇರಿದವು.

1362ರಲ್ಲಿ ಅವರದೇ ಪಾರ್ಲಿಮೆಂಟು, ಜನಕ್ಕೆ ಫ್ರೆಂಚ್ ಅರ್ಥವಾಗುವುದಿಲ್ಲ, ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಕಾನೂನು ಮಾಡಿತು. ತಮಾಷೆ ಅಂದರೆ ಆ ಕಾನೂನನ್ನು ಬರೆದದ್ದೇ ಫ್ರೆಂಚಿನಲ್ಲಿ.

ಲೇಖನದ ಎರಡನೇ ಕಂತು ಬರಲಿದೆ ಅಂತ ಕೊನೆಯಲ್ಲಿ ಹಾಕಿದ್ದೀರಿ. ಅದರಲ್ಲಿ ಹೇಸ್ಟಿಂಗ್ಸ್ ಯುದ್ಧದ ಚಿತ್ರ ಒಂದು ಕಡಿಮೆಯಾದರೂ ಪರವಾಗಿಲ್ಲ, ವೈಕಿಂಗರು ನೆಲೆಸಿದ ಊರುಗಳ ನಕ್ಷೆ ಒಂದನ್ನು ದಯವಿಟ್ಟು ಹಾಕಿ.

ಇಂತಿ,
ನಿಮ್ಮ ಓದುಗ, ತಿಪಟೂರು