9ನೇ ತರಗತಿಯ ಪೋಷಕರಿಗೆ: ತುಮರಿ ಪ್ರವಾಸ ಮತ್ತು ಮುಳುಗಡೆ ಪ್ರಾಜೆಕ್ಟ್

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಬ್ಬ ವಿದ್ಯಾರ್ಥಿನಿಯ ತಾಯಿ ಆಫೀಸಿಗೆ ಬಂದಿದ್ದರು. ಸಮಾಜ ವಿಜ್ಞಾನದ ಪ್ರಾಜೆಕ್ಟಿಗಾಗಿ ಮಗಳು ಅಜ್ಜಿಯ ಹತ್ತಿರ ಮುಳುಗಡೆಯ ಬಗ್ಗೆ, ಅಂದರೆ ಲಿಂಗನಮಕ್ಕಿ ಡ್ಯಾಂ ಕಟ್ಟಿದಾಗ ಊರು ಮುಳುಗಿದ್ದರ ಬಗ್ಗೆ ಕೇಳಿದ್ದಾಳೆ. ಅಜ್ಜಿ ಹೇಳುತ್ತಾ ಹೇಳುತ್ತಾ ಅತ್ತಿದ್ದಾರೆ. ರಾತ್ರಿ ಊಟಕ್ಕೂ ಏಳಲಿಲ್ಲವಂತೆ. "ಅರವತ್ತು ವರ್ಷದ ಹಿಂದಿನದನ್ನ ಈಗ ಯಾಕೆ ಕೆದಕಿಸ್ತೀರಿ ಸರ್?" ಎಂದರು. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲೂ ಇದೇ ಮಾತು ಬಂತು.

ಆ ಮನೆಯವರಿಗೆ ನೋವಾಗಿದ್ದಕ್ಕೆ ನನಗೂ ಬೇಸರವಿದೆ. ಹಿರಿಯರನ್ನು ಹೇಗೆ ಕೇಳಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಬೇಕಿತ್ತು. ಅದು ನಮ್ಮ ತಪ್ಪು. ಆದರೆ ಪ್ರಾಜೆಕ್ಟ್ ಕೈಬಿಡುವುದಿಲ್ಲ.

ಬರುವ ಶನಿವಾರ ಮಕ್ಕಳು ಶರಾವತಿ ಹಿನ್ನೀರಿನ ಆಚೆ, ಸಿಗಂದೂರಿನ ಕಡೆಯ ತುಮರಿಗೆ ಹೋಗುತ್ತಿದ್ದಾರೆ. "ಸಿಗಂದೂರಿಗೆ ಎಷ್ಟು ಸಲ ಹೋಗಿಲ್ಲ, ನೋಡೋಕೇನಿದೆ?" ಎಂದವರಿದ್ದೀರಿ. ನಿಜ, 2025ರ ಜುಲೈನಿಂದ ಹಿನ್ನೀರಿನ ಮೇಲೆ 2.44 ಕಿ.ಮೀ. ಉದ್ದದ ಸೇತುವೆ ಇದೆ, ಕಾರಿನಲ್ಲಿ ಐದು ನಿಮಿಷದ ದಾರಿ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯೋದು, ಸಂಜೆ ಕೊನೆಯ ಲಾಂಚ್ ತಪ್ಪಿಸಿಕೊಂಡು ಪೇಚಾಡೋದು ನಮ್ಮ ತಲೆಮಾರಿಗೇ ಮುಗಿಯಿತು. ಒಳ್ಳೆಯದೇ ಆಯ್ತು ಬಿಡಿ. ಆದರೆ ಕರೂರು, ಬಾರಂಗಿ ಹೋಬಳಿಗಳು ದ್ವೀಪದ ಹಾಗೆ ಆಗಿದ್ದು ಹೇಗೆ ಅಂತ ಕ್ಲಾಸಿನಲ್ಲಿ ಕೇಳಿದೆ. "ಮೊದಲಿಂದ್ಲೂ ಹಾಗೇ ಇತ್ತಲ್ವಾ ಸರ್?" ಎಂದರು ಮಕ್ಕಳು.

ಮೊದಲು ಅವು ಹೊಳೆಯಾಚೆಗಿನ ಊರುಗಳು, ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ಶರಾವತಿ ಹಿನ್ನೀರು ತುಂಬಿತು. ದಾರಿ, ಗದ್ದೆ, ತೋಟ, ಮನೆ ಎಲ್ಲ ನೀರಿನಡಿಗೆ ಹೋಯಿತು. 1948ರಲ್ಲಿ ಕಟ್ಟಿ ಮುಗಿಸಿದ್ದ ಮಡೇನೂರು ಡ್ಯಾಂ, ಹಿರೇಭಾಸ್ಕರ ಅಂತಾರಲ್ಲ, ಅದೂ ಹದಿನಾರೇ ವರ್ಷಕ್ಕೆ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ತಲೆ ಎತ್ತುತ್ತದೆ. ಈ ಶನಿವಾರ ಮಕ್ಕಳಿಗೆ ಕಾಣುವುದು ಬರೀ ನೀರು. ಅದರಡಿ ಏನಿತ್ತು ಅಂತ ಹೇಳಬಲ್ಲವರು ನಿಮ್ಮ ಮನೆಯ ಜಗಲಿಯಲ್ಲಿ ಕೂತಿದ್ದಾರೆ.

ಆ ಹುಡುಗಿಯ ನೋಟ್‌ಬುಕ್ ನೋಡಿದೆ. ಪೆನ್ಸಿಲಿನಲ್ಲಿ ಅಜ್ಜಿಮನೆಯ ನಕ್ಷೆ ಬರೆದಿದ್ದಾಳೆ. ಕೊಟ್ಟಿಗೆ, ಹಲಸಿನ ಮರ, ಬಾವಿ. ಬಾವಿಯನ್ನು ಎರಡು ಸಲ ಅಳಿಸಿದ್ದಾಳೆ, ಕಾಗದ ತೂತಾಗುವಷ್ಟು. ಪಕ್ಕದಲ್ಲಿ "ಅಜ್ಜಿ 'ಇಲ್ಲಿ ಅಲ್ಲ, ಅಲ್ಲಿ' ಅಂದರು" ಎಂದಿದೆ. ಅತ್ತಿದ್ದ ಆ ಅಜ್ಜಿ ಮರುದಿನ ಬೆಳಿಗ್ಗೆ ತಾವೇ ಮೊಮ್ಮಗಳನ್ನು ಕರೆದು ಬಾವಿಯ ಜಾಗ ತಿದ್ದಿಸಿದರಂತೆ. ಇದನ್ನು ಹೇಳಿದ್ದೂ ಆ ತಾಯಿಯೇ, ಹೊರಡುವಾಗ ಬಾಗಿಲಲ್ಲಿ ನಿಂತು.

ಮತ್ತೆ ಹೇಳುತ್ತೇನೆ, ಯಾರಿಗೂ ಒತ್ತಾಯವಿಲ್ಲ. ಹಿರಿಯರಿಗೆ ಮನಸ್ಸಿಲ್ಲದಿದ್ದರೆ ಬಿಟ್ಟುಬಿಡಿ, ಅಂಕ ಕಳೆಯುವುದಿಲ್ಲ. ಮುಳುಗಡೆಯವರಲ್ಲದ ಮನೆಯ ಮಕ್ಕಳು ಲಾಂಚಿನ ಕಥೆ ಬರೆದರೂ ಸಾಕು. ಮುಳುಗಡೆಯಾದ ಮೇಲೆ ಸಿಕ್ಕ ಜಮೀನಿನ ಹಕ್ಕುಪತ್ರದ ತಾಪತ್ರಯ ಇನ್ನೂ ಮುಗಿಯದ ಮನೆಗಳಿವೆ, ನನಗೆ ಗೊತ್ತು. ಆ ವಿಷಯ ಮಕ್ಕಳು ಎತ್ತುವುದಿಲ್ಲ. ಎತ್ತಿದರೆ ನನಗೆ ಫೋನ್ ಮಾಡಿ. "ಅಜ್ಜಿ ಹತ್ರ ಏನೂ ಕೇಳಬೇಡ" ಅಂತ ಮಾತ್ರ ದಯವಿಟ್ಟು ಗದರಿಸಬೇಡಿ. ಅಜ್ಜಿಗೇ ಹೇಳಬೇಕು ಅಂತ ಇರಬಹುದು, ಅಲ್ವಾ?

ನೀರಿಗೆ ಯಾರೂ ಇಳಿಯುವಂತಿಲ್ಲ, ಕಾಲು ತೊಳೆಯೋಕೂ ಇಲ್ಲ. ಇದರಲ್ಲಿ ಚೌಕಾಸಿ ಬೇಡ. ಮೊಬೈಲೂ ಬೇಡ. ಸಿಗಂದೂರು ಅಮ್ಮನವರ ದರ್ಶನ ಇದೆಯಾ ಅಂತ ಕೇಳಿದ್ದೀರಿ, ಕ್ಯೂ ಜಾಸ್ತಿ ಇಲ್ಲದಿದ್ದರೆ ಖಂಡಿತ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ