ಇಬ್ಬರನ್ನು ಇಬ್ಬರಾಗಿಯೇ ಬರೆ

ಪ್ರೀತಿಯ ಗೆಳತಿ,

ಅವಳಿ ಸೋದರಿಯರ ಗಾಯಕ ಜೋಡಿ ಟೀಗನ್ ಅಂಡ್ ಸಾರಾ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಅವರ ಹಾಡುಗಳ ಮೇಲೆ ನಿನಗಿರುವ ಪ್ರೀತಿ ಎಲ್ಲ ಕಡೆ ಕಾಣುತ್ತದೆ, ಅದು ದೊಡ್ಡ ವಿಷಯ. ಆದರೆ "ಎರಡು ದೇಹ, ಒಂದೇ ಜೀವ" ಅನ್ನುವ ಮೊದಲ ಸಾಲನ್ನು ದಯವಿಟ್ಟು ತೆಗೆದುಹಾಕು. ಅವಳಿ ಅಂದ ತಕ್ಷಣ ಎಲ್ಲರ ಕೈಗೂ ಸಿಗುವ ಮಾತು ಅದು. ಈ ಇಬ್ಬರ ವಿಷಯದಲ್ಲಿ ಅದು ನಿಜವೂ ಅಲ್ಲ.

1980ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಟೀಗನ್ ಕ್ವಿನ್ ಮತ್ತು ಸಾರಾ ಕ್ವಿನ್ ಹಾಡು ಕಟ್ಟುತ್ತಾ ಬಂದಿದ್ದು ಹೆಚ್ಚಾಗಿ ಬೇರೆ ಬೇರೆಯಾಗಿ. ಒಬ್ಬರು ಬರೆದ ಮೇಲೆ ಇನ್ನೊಬ್ಬರು ಬಂದು ದನಿ ಸೇರಿಸುತ್ತಾರೆ. ಎಷ್ಟೋ ವರ್ಷ ಟೀಗನ್ ವ್ಯಾಂಕೂವರ್‌ನಲ್ಲಿದ್ದರು, ಸಾರಾ ಮಾಂಟ್ರಿಯಲ್‌ನಲ್ಲಿದ್ದರು. ಗಡಿಯಾರದಲ್ಲೇ ಮೂರು ಗಂಟೆ ವ್ಯತ್ಯಾಸ ಇರುವಷ್ಟು ದೂರ. ಐದು ಆಲ್ಬಮ್ ಮುಗಿಸಿದ ಮೇಲೆ, 2009ರ ಆಲ್ಬಮ್ ಸೇಂಟ್‌ಹುಡ್‌ಗಾಗಿ, ಒಟ್ಟಿಗೆ ಕೂತು ಬರೆಯೋಣ ಅಂತ ನ್ಯೂ ಆರ್ಲಿಯನ್ಸ್‌ಗೆ ಹೋದರು. ಅಲ್ಲಿ ಹುಟ್ಟಿದ್ದರಲ್ಲಿ ಆಲ್ಬಮ್‌ಗೆ ಸೇರಿದ್ದು ಒಂದೇ ಹಾಡು. ಒಂದೇ ಮನೆಯಲ್ಲಿ ಬೆಳೆದ ಅವಳಿಗಳಿಗೂ ಒಂದೇ ಹಾಡನ್ನು ಕೂಡಿ ಬರೆಯುವುದು ಸುಲಭವಾಗಿರಲಿಲ್ಲ, ನೋಡು. ನಿನ್ನ ಲೇಖನದಲ್ಲಿ ಈ ಘಟನೆಯೇ ಇಲ್ಲ. ನನಗೆ ಕೇಳಿದರೆ ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ.

ಮೊದಲು ಒಂದು ಕೆಲಸ ಮಾಡು. 2007ರ ದಿ ಕಾನ್ ಆಲ್ಬಮ್ ಹಾಕಿಕೊಂಡು ಕೂರು. ಯಾವ ಹಾಡು ಯಾರದ್ದು ಅಂತ ಪಕ್ಕದಲ್ಲಿ ಬರೆದುಕೋ. 'ನೈನ್‌ಟೀನ್' ಟೀಗನ್ ಅವರದ್ದು. ನೋವನ್ನು ಮುಚ್ಚಿಡದೆ ಎದುರಿಗೆ ನಿಂತು ಹೇಳುವ ದನಿ, ಗಂಟಲು ಬಿರಿಯುವಂತೆ ಹಾಡುತ್ತಾರೆ. 'ಬ್ಯಾಕ್ ಇನ್ ಯುವರ್ ಹೆಡ್' ಸಾರಾ ಅವರದ್ದು. ಪಿಯಾನೋದ ಒಂದು ಚಿಕ್ಕ ಸುರುಳಿ ಮತ್ತೆ ಮತ್ತೆ ಬರುತ್ತದೆ, ಅದೇ ಯೋಚನೆ ತಲೆಯಲ್ಲಿ ಸುತ್ತುವ ಹಾಗೆ. ಇದನ್ನು ಕೇಳಿಸಿಕೊಂಡ ಮೇಲೆ "ಅವರ ಹಾಡುಗಳು ಭಾವುಕವಾಗಿವೆ" ಅನ್ನುವ ಸಾಲು ಬರೆಯಲು ನಿನಗೇ ಮನಸ್ಸು ಬರುವುದಿಲ್ಲ. ಯಾರ ಭಾವ, ಹೇಗೆ ಹೊರಗೆ ಬಂತು ಅಂತ ಬರೆಯುತ್ತೀಯ.

2013ರ ಆಲ್ಬಮ್ ಹಾರ್ಟ್‌ಥ್ರಾಬ್ ಬಗ್ಗೆ ನೀನು ಸ್ವಲ್ಪ ಅವಸರಪಟ್ಟಿದ್ದೀಯ. ಗಿಟಾರ್ ಬದಿಗಿಟ್ಟು ಸಿಂಥ್ (ಸಿಂಥಸೈಜರ್ ಕೀಬೋರ್ಡ್) ಹಿಡಿದರು, ಜನಪ್ರಿಯತೆಗೆ ಸೋತರು ಅಂತ ತೀರ್ಪು ಕೊಟ್ಟಿದ್ದೀಯ. ನಾನು ಒಪ್ಪುವುದಿಲ್ಲ. ಒಂದು ದಶಕಕ್ಕೂ ಜಾಸ್ತಿ ಕಾಲ ಇಂಡೀ, ಅಂದರೆ ದೊಡ್ಡ ಪಾಪ್ ಮಾರುಕಟ್ಟೆಯ ಆಚೆಗಿನ ಸಂಗೀತದ ಕೇಳುಗರ ನಡುವೆ ಹೆಸರು ಮಾಡಿದವರು ಗ್ರೆಗ್ ಕರ್‌ಸ್ಟಿನ್ ಅವರಂಥ ಪಾಪ್ ನಿರ್ಮಾಪಕರ ಜೊತೆ ಕೂತು ಹೊಸದಾಗಿ ಶುರು ಮಾಡುವುದು ಸೋಲಲ್ಲ. ಹಳೆಯ ಅಭಿಮಾನಿಗಳು ದೂರವಾಗಬಹುದು ಅಂತ ಗೊತ್ತಿದ್ದೂ ಇಬ್ಬರೂ ಒಪ್ಪಿ ಹೆಜ್ಜೆ ಇಡಬೇಕಲ್ವಾ? 2014ರಲ್ಲಿ ಆ ಆಲ್ಬಮ್‌ನ ಬಲದ ಮೇಲೆ ಕೆನಡಾದ ಸಂಗೀತ ಪ್ರಶಸ್ತಿಯಾದ ಜೂನೋ ಮೂರು ಬಂದವು, ಮರುವರ್ಷ ಆಸ್ಕರ್ ವೇದಿಕೆಯಲ್ಲಿ ಹಾಡಿದರು. ಪ್ರಶಸ್ತಿಗಳಿಗೆ ಇಷ್ಟು ಸಾಕು, ನಿನ್ನ ಉದ್ದ ಪಟ್ಟಿ ಬೇಡ.

ಇನ್ನು ಅವರ ಆತ್ಮಕಥನ ಹೈಸ್ಕೂಲ್. 2019ರಲ್ಲಿ ಬಂತು. ಒಂದು ಅಧ್ಯಾಯ ಟೀಗನ್, ಒಂದು ಅಧ್ಯಾಯ ಸಾರಾ ಅಂತ ಬರೆದಿದ್ದಾರೆ. ಅದೇ ಮನೆ, ಅದೇ ಶಾಲೆ, ಅದೇ ವರ್ಷಗಳು. ಆದರೂ ತಾನು ಹುಡುಗಿಯರನ್ನು ಪ್ರೀತಿಸುವವಳು ಅನ್ನುವ ಅರಿವು ಒಬ್ಬೊಬ್ಬರಿಗೂ ತನ್ನದೇ ದಾರಿಯಲ್ಲಿ, ತನ್ನದೇ ಭಯದ ಜೊತೆ ಬರುತ್ತದೆ. ಅದೇ ವರ್ಷ, ಹದಿಹರೆಯದಲ್ಲಿ ಬರೆದಿದ್ದ ಹಾಡುಗಳನ್ನು ಮತ್ತೆ ಹಾಡಿ ಆಲ್ಬಮ್ ಮಾಡಿದರು. ನಲವತ್ತರ ಹೊಸ್ತಿಲಲ್ಲಿ ನಿಂತು ಹದಿನೇಳರ ಮಾತುಗಳನ್ನು ಹಾಡುವುದಕ್ಕೆ ಧೈರ್ಯ ಬೇಕು. ಇದಕ್ಕೆ ನೀನು ಒಂದು ಪ್ಯಾರಾ ಕೊಡಲೇಬೇಕು.

2024ರ ಫೆನ್ಯಾಟಿಕಲ್ ಸಾಕ್ಷ್ಯಚಿತ್ರವನ್ನೂ ನೋಡು. ಯಾರೋ ಆನ್‌ಲೈನ್‌ನಲ್ಲಿ ತಾನೇ ಟೀಗನ್ ಅಂತ ಹೇಳಿಕೊಂಡು ವರ್ಷಗಟ್ಟಲೆ ಅಭಿಮಾನಿಗಳಿಗೆ ಮೋಸ ಮಾಡಿದ ಕಥೆ ಅದು. ಕದ್ದದ್ದು ಒಬ್ಬರ ಹೆಸರನ್ನು. ಆ ಪೆಟ್ಟು ಟೀಗನ್ ಮೇಲೆ ಬಿದ್ದ ರೀತಿಯಲ್ಲಿ ಸಾರಾ ಮೇಲೆ ಬೀಳಲು ಸಾಧ್ಯವಿರಲಿಲ್ಲ. ಬರೆಯುವಾಗ ಮೋಸಹೋದ ಅಭಿಮಾನಿಗಳನ್ನು ಹಗುರವಾಗಿ ಕಾಣಬೇಡ. ಅವರೂ ನಿನ್ನ ಹಾಗೆಯೇ ಈ ಹಾಡುಗಳನ್ನು ಹಚ್ಚಿಕೊಂಡವರು.

ತಿದ್ದಿ ಕಳಿಸು, ಅವಸರ ಏನಿಲ್ಲ. ಮುಂದಿನ ಸಲ ಒಂದು ವಿಷಯ ಬಿಚ್ಚಿ ಹೇಳು. ಇಬ್ಬರಲ್ಲಿ ಯಾರ ಹಾಡು ನಿನಗೆ ಹೆಚ್ಚು ಹತ್ತಿರ? ಓದುತ್ತಾ ಹೋದರೆ ಸಾರಾ ಅನ್ನಿಸುತ್ತದೆ, ಆದರೆ ಇಬ್ಬರಿಗೂ ಸಮ ಹಂಚಬೇಕು ಅಂತ ನೀನು ಅದನ್ನು ಮುಚ್ಚಿಟ್ಟಿದ್ದೀಯ. ಹಾಗೆ ಮಾಡಬೇಡ. ಯಾಕೆ ಸಾರಾ ಅಂತ ಬರೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳತಿ