ಪೇಲ್ ಏಲ್ ಹುದುಗಿಸಲು ನೋಡಬೇಕಾದ್ದು ಕೋಣೆಯ ತಾಪಮಾನವಲ್ಲ

ಮಾನ್ಯ ಸಂಪಾದಕರೆ,

ಮನೆಯಲ್ಲೇ ಅಮೆರಿಕನ್ ಪೇಲ್ ಏಲ್ ಎಂಬ ಬಿಯರ್ ತಯಾರಿಸುವ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ತಳಿಗಳ ಬಗ್ಗೆ ಲೇಖಕರು ಧಾರಾಳವಾಗಿ ಬರೆದಿದ್ದಾರೆ. ಆದರೆ ಹುದುಗುವ ಹಂತಕ್ಕೆ ಬಂದಾಗ, ಯೀಸ್ಟ್ ಹಾಕಿ ಎರಡು ವಾರ ಕೋಣೆಯ ತಾಪಮಾನದಲ್ಲಿ ಇಟ್ಟರಾಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಹೊಸಬರ ಬಿಯರ್ ಕೆಡುವುದು ಆ ಒಂದು ಸಾಲಿನಿಂದಲೇ. ಎಂಥ ಹಾಪ್ಸ್ ತಂದು ಸುರಿದರೂ ಮೊದಲ ಮೂರು ದಿನ ತಾಪಮಾನ ಕೈಮೀರಿದರೆ ಆಮೇಲೆ ಏನೂ ಮಾಡಲಾಗದು.

ಈ ಬಗೆಯ ಬಿಯರ್ ರೂಪುಗೊಂಡದ್ದೇ ಹಾಪ್ಸ್ ಮುಂದೆ, ಯೀಸ್ಟ್ ಹಿಂದೆ ಎಂಬ ಲೆಕ್ಕದಲ್ಲಿ. ಆರೆಗನ್‌ನಲ್ಲಿ ಅಭಿವೃದ್ಧಿಪಡಿಸಿದ ಕ್ಯಾಸ್ಕೇಡ್ ಹಾಪ್ಸ್ 1972ರಲ್ಲಿ ಬೆಳೆಗಾರರ ಕೈಸೇರಿತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು ಕೇಂದ್ರದ ಅನುಮತಿ ಸಿಕ್ಕಿತು. 1980ರಲ್ಲಿ ಕ್ಯಾಲಿಫೋರ್ನಿಯಾದ ಚೀಕೋ ಪಟ್ಟಣದಲ್ಲಿ ಬಿಯರ್ ತಯಾರಿಕೆ ಶುರುಮಾಡಿದ ಸಿಯೆರಾ ನೆವಾಡಾ, ಕ್ಯಾಸ್ಕೇಡ್‌ನ ಚಕ್ಕೋತದ ಸಿಪ್ಪೆಯಂಥ ಪರಿಮಳವನ್ನೇ ಈ ಶೈಲಿಯ ಗುರುತಾಗಿಸಿತು. ಆ ಊರಿನ ಹೆಸರಿನಲ್ಲೇ ಕರೆಯುವ ಚೀಕೋ ಯೀಸ್ಟ್ ಈಗ ಯುಎಸ್-05, ಡಬ್ಲ್ಯೂಎಲ್‌ಪಿ001, ವೈಈಸ್ಟ್ 1056 ಎಂಬ ಹೆಸರುಗಳಲ್ಲಿ ಸಿಗುತ್ತದೆ. ತಂಪಾಗಿ ನೋಡಿಕೊಂಡರೆ ತನ್ನದೇನೂ ವಾಸನೆ ಬಿಡದ ಯೀಸ್ಟ್ ಅದು. ಹಾಗಾಗಿಯೇ ಇಲ್ಲಿ ಸಣ್ಣ ತಪ್ಪೂ ಮೂಗಿಗೆ ಹೊಡೆಯುತ್ತದೆ.

ಲೇಖನದಲ್ಲಿ ಅಳತೆಗಳು ಅಸ್ಪಷ್ಟವಾಗಿದ್ದರಿಂದ ಚುಟುಕಾಗಿ ಹೇಳುತ್ತೇನೆ. 20 ಲೀಟರ್ ಬಿಯರ್‌ಗೆ ಪೇಲ್ ಮಾಲ್ಟ್ (ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4.4 ಕಿಲೋ, ಮ್ಯೂನಿಕ್ ಮಾಲ್ಟ್ 300 ಗ್ರಾಂ, ಕ್ರಿಸ್ಟಲ್ ಮಾಲ್ಟ್ 250 ಗ್ರಾಂ. 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವುದು), ಸೋಸಿದ ರಸಕ್ಕೆ ಒಂದು ಗಂಟೆ ಕುದಿತ. ಕುದಿ ಬಂದ ಕೂಡಲೇ ಕಹಿಗಾಗಿ 12 ಶೇಕಡಾ ಆಲ್ಫಾ ಆಮ್ಲದ ಮ್ಯಾಗ್ನಮ್ ಹಾಪ್ಸ್ 15 ಗ್ರಾಂ, ಕೊನೆಯ ಹತ್ತು ನಿಮಿಷಕ್ಕೆ ಕ್ಯಾಸ್ಕೇಡ್ 20 ಗ್ರಾಂ. ಒಲೆ ಆರಿಸಿ 80 ಡಿಗ್ರಿಗೆ ಇಳಿದ ಮೇಲೆ ಕ್ಯಾಸ್ಕೇಡ್ 50 ಗ್ರಾಂ, ಸೆಂಟೆನಿಯಲ್ 25 ಗ್ರಾಂ ಹಾಕಿ ಇಪ್ಪತ್ತು ನಿಮಿಷ ಬಿಡಬೇಕು. ಡ್ರೈ ಹಾಪಿಂಗ್‌ಗೆ (ಹುದುಗಿದ ಬಿಯರ್‌ಗೆ ನೇರವಾಗಿ ಹಾಪ್ಸ್ ಹಾಕುವುದಕ್ಕೆ) ಇವೆರಡೂ ತಲಾ 40 ಗ್ರಾಂ. ಗ್ರಾವಿಟಿ (ಸಕ್ಕರೆ ಎಷ್ಟಿದೆಯೆಂದು ತೋರಿಸುವ ಸಾಂದ್ರತೆಯ ಅಂಕಿ) 1.052ರ ಆಸುಪಾಸಿನಲ್ಲಿ ಶುರುವಾಗಿ 1.011ರ ಸುಮಾರಿಗೆ ನಿಲ್ಲುತ್ತದೆ. ಆಲ್ಕೋಹಾಲ್ ಐದೂಕಾಲು, ಐದೂವರೆ ಶೇಕಡಾ. ಒಣ ಯೀಸ್ಟ್ ಆದರೆ 11.5 ಗ್ರಾಂನ ಒಂದು ಪೊಟ್ಟಣ ಸಾಕು.

ಈಗ ಮುಖ್ಯ ವಿಷಯ. ಹುದುಗುವಾಗ ಶಾಖ ಹುಟ್ಟುತ್ತದೆ. ಮೇಲಿನ ಅಳತೆಯಲ್ಲಿ ಒಂದೂವರೆ ಕಿಲೋಗೂ ಹೆಚ್ಚು ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಅದರಿಂದ ಹುಟ್ಟುವ ಶಾಖವೆಲ್ಲ ಪಾತ್ರೆಯೊಳಗೇ ಉಳಿದರೆ 20 ಲೀಟರ್ ವರ್ಟ್, ಅಂದರೆ ಮಾಲ್ಟ್‌ನ ಸಿಹಿ ರಸ, ಹತ್ತು ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ. ಒಂದಷ್ಟು ಗಾಳಿಗೆ ಹೋಗುವುದರಿಂದ ವಾಸ್ತವದಲ್ಲಿ ಅಷ್ಟು ಏರುವುದಿಲ್ಲ. ಆದರೂ ನೊರೆ ಎದ್ದು ಭರದಿಂದ ಹುದುಗುವಾಗ ಪಾತ್ರೆಯ ಒಳಗು ಕೋಣೆಗಿಂತ 3ರಿಂದ 5 ಡಿಗ್ರಿ ಬಿಸಿ ಇರುವುದು ಸಾಮಾನ್ಯ. ಕೋಣೆ 22 ಡಿಗ್ರಿ ಇದ್ದರೆ ಹಿತವೆನಿಸುತ್ತದೆ, ಆದರೆ ಆಗ ಬಿಯರ್ 26ರಲ್ಲಿರುತ್ತದೆ. ಬಿಸಿ ಏರಿದಷ್ಟೂ ಯೀಸ್ಟ್ ಚುರುಕಾಗುತ್ತದೆ, ಯೀಸ್ಟ್ ಚುರುಕಾದಷ್ಟೂ ಬಿಸಿ ಏರುತ್ತದೆ. ಗೋಡೆಯ ಥರ್ಮಾಮೀಟರ್‌ಗೆ ಇದ್ಯಾವುದೂ ತಿಳಿಯುವುದಿಲ್ಲ.

ಯೀಸ್ಟ್ ಕೋಶಗಳು ಮರಿಹಾಕಿ ಹೆಚ್ಚುವುದು ಮೊದಲ 48ರಿಂದ 72 ಗಂಟೆಗಳಲ್ಲಿ. ಹಣ್ಣಿನ ವಾಸನೆಯ ಎಸ್ಟರ್, ಸ್ಪಿರಿಟ್ ವಾಸನೆಯ ಫ್ಯೂಸೆಲ್ ಆಲ್ಕೋಹಾಲ್‌ಗಳ ಬಹುಪಾಲು ಹುಟ್ಟುವುದೂ ಆಗಲೇ. ಬಿಸಿ ಮಿತಿಮೀರಿದ ಬಿಯರ್ ಗಂಟಲಲ್ಲಿ ಉರಿಯುತ್ತದೆ, ಸ್ಪಿರಿಟ್ ವಾಸನೆ ಹೊಡೆಯುತ್ತದೆ, ಹಾಪ್ಸ್ ಪರಿಮಳದ ಮೇಲೆ ಮಾಗಿ ಹೋದ ಹಣ್ಣಿನ ವಾಸನೆ ಕೂರುತ್ತದೆ. ಫ್ಯೂಸೆಲ್‌ಗಳು ತಿಂಗಳುಗಟ್ಟಲೆ ಇಟ್ಟರೂ ಹೋಗುವುದಿಲ್ಲ, ಅಷ್ಟರಲ್ಲಿ ಹಾಪ್ಸ್ ಪರಿಮಳವೇ ಹೋಗಿರುತ್ತದೆ. ಹಾಗೆಂದು ತೀರಾ ತಣ್ಣಗೂ ಮಾಡಬಾರದು. 15 ಡಿಗ್ರಿಗಿಂತ ಕೆಳಗೆ ಹೋದರೆ ಯೀಸ್ಟ್ ಸೋಮಾರಿಯಾಗಿ ಅರ್ಧಕ್ಕೇ ತಳ ಸೇರಬಹುದು. ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್, ಬೆಣ್ಣೆ ವಾಸನೆಯ ಡೈಅಸಿಟೈಲ್ ಬಿಯರ್‌ನಲ್ಲೇ ಉಳಿದುಬಿಡುತ್ತವೆ.

ನಿಯಂತ್ರಣಕ್ಕೆ ಬೇಕಾದ್ದು ಒಂದು ಹಳೆಯ ಫ್ರಿಜ್, ತಂಪು ಮತ್ತು ಬಿಸಿ ಎರಡಕ್ಕೂ ಪ್ಲಗ್ ಇರುವ ಟೆಂಪರೇಚರ್ ಕಂಟ್ರೋಲರ್, ಪಾತ್ರೆಗೆ ಸುತ್ತುವ ಹೀಟ್ ಬೆಲ್ಟ್. ಇಷ್ಟೆಲ್ಲ ಇಟ್ಟುಕೊಂಡೂ ಎಡವುವುದು ಸೆನ್ಸರ್ ಇಡುವ ಜಾಗದಲ್ಲಿ. ಅದನ್ನು ಫ್ರಿಜ್ ಒಳಗೆ ಗಾಳಿಯಲ್ಲಿ ತೂಗುಬಿಟ್ಟರೆ ಕಂಟ್ರೋಲರ್ ಗಾಳಿಯನ್ನು 18ರಲ್ಲಿ ಇಡುತ್ತದೆ, ಬಿಯರ್ ಸದ್ದಿಲ್ಲದೆ 22 ತಲುಪಿರುತ್ತದೆ. ಸೆನ್ಸರ್ ಪಾತ್ರೆಯ ಹೊರಮೈಗೆ ಒತ್ತಿ ಕೂರಬೇಕು. ಅದೂ ಬಿಯರ್ ಮಟ್ಟದ ನಡುಭಾಗದಲ್ಲಿ. ಮೇಲೆ ನೊರೆ ಇರುವ ಕಡೆ ಅಲ್ಲ. ಅದರ ಮೇಲೆ ಅಂಗೈಯಗಲದ ಫೋಮ್ ತುಂಡನ್ನು ಎರಡು ಮಡಿಕೆ ಮಾಡಿ ಇಟ್ಟು, ಸುತ್ತಲೂ ಪಟ್ಟಿ ಬಿಗಿಯಬೇಕು. ಬರೀ ಟೇಪ್ ನಂಬಬೇಡಿ: ಪಾತ್ರೆಯ ಮೈ ಬೆವರಿದಾಗ ಅಂಟು ಬಿಡುತ್ತದೆ. ಕಳಚಿಬಿದ್ದ ಸೆನ್ಸರ್ ಫ್ರಿಜ್‌ನ ತಣ್ಣನೆಯ ಗಾಳಿಯನ್ನು ಓದಿ, ಬಿಯರ್ ತಣ್ಣಗಾಗಿದೆಯೆಂದು ತಿಳಿದು ಹೀಟ್ ಬೆಲ್ಟ್ ಹಚ್ಚುತ್ತದೆ. ಒಂದು ರಾತ್ರಿ ಸಾಕು, ಬಿಯರ್ ಹಾಳಾಗಲು. ಹೀಗೆ ಕಟ್ಟಿದ ಸೆನ್ಸರ್ 20 ಲೀಟರ್ ಪಾತ್ರೆಯಲ್ಲಿ ಒಳಗಿನ ತಾಪಮಾನವನ್ನು ಹೆಚ್ಚುಕಡಿಮೆ ಒಂದು ಡಿಗ್ರಿಯೊಳಗೆ ತೋರಿಸುತ್ತದೆ.

ಕಂಟ್ರೋಲರ್‌ನಲ್ಲಿ ನಿಗದಿ ಮಾಡಿದ ತಾಪಮಾನದಿಂದ ತಂಪು ಶುರುವಾಗುವ ಅಂತರ ಅರ್ಧ ಡಿಗ್ರಿ ಇರಲಿ. ಬಿಸಿಯ ಅಂತರ ಅದಕ್ಕಿಂತ ತುಸು ಹೆಚ್ಚಿರಲಿ, ಇಲ್ಲದಿದ್ದರೆ ಫ್ರಿಜ್ ತಣಿಸುವುದು, ಬೆಲ್ಟ್ ಕಾಯಿಸುವುದು ಎಂದು ಎರಡೂ ಪೈಪೋಟಿಗೆ ಬೀಳುತ್ತವೆ. ಕಂಪ್ರೆಸರ್ ನಿಂತ ಮೇಲೆ ಮತ್ತೆ ಶುರುವಾಗಲು ಐದು ನಿಮಿಷದ ತಡೆ ಹಾಕಲೇಬೇಕು. ಪದೇ ಪದೇ ಆನ್ ಆಫ್ ಆದರೆ ಕಂಪ್ರೆಸರ್ ಬಾಳುವುದಿಲ್ಲ.

ವರ್ಟ್ ಅನ್ನು 17ರಿಂದ 18 ಡಿಗ್ರಿಗೆ ಇಳಿಸಿಯೇ ಯೀಸ್ಟ್ ಹಾಕಬೇಕು. ಬಿಸಿಯಿರುವಾಗಲೇ ಹಾಕಿ, ಹೇಗೂ ಫ್ರಿಜ್ ತಣಿಸುತ್ತದೆ ಎಂದುಕೊಳ್ಳುವವರು ಬಹಳ. ಫ್ರಿಜ್ ಅಷ್ಟು ಇಳಿಸುವಷ್ಟರಲ್ಲಿ ಮುಖ್ಯವಾದ ಗಂಟೆಗಳು ಕಳೆದಿರುತ್ತವೆ. ಮೊದಲ ಮೂರು ದಿನ 18.5. ಗ್ರಾವಿಟಿ 1.020ರ ಹತ್ತಿರ ಬಂದಾಗ ದಿನಕ್ಕೊಂದು ಡಿಗ್ರಿಯಂತೆ 21ಕ್ಕೆ ಏರಿಸಬೇಕು. ಕೊನೆಯ ಸಕ್ಕರೆ ಮುಗಿಯುವುದಕ್ಕೂ, ಯೀಸ್ಟ್ ತಾನು ಹೊರಬಿಟ್ಟ ಡೈಅಸಿಟೈಲ್ ಅನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಈ ಬಿಸಿ ಬೇಕು. ಅನಿಲ ಹೊರಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತೆಂದು ಹುದುಗುವುದು ಮುಗಿಯಿತೆಂದಲ್ಲ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಎರಡು ದಿನದ ಅಂತರದಲ್ಲಿ ಒಂದೇ ಅಂಕಿ ತೋರಿಸಬೇಕು.

ಡ್ರೈ ಹಾಪ್ಸ್ ಆ ಮೇಲೆ, 16ರಿಂದ 18 ಡಿಗ್ರಿಯಲ್ಲಿ, ಎರಡು ಮೂರು ದಿನ ಮಾತ್ರ. ಭರದಿಂದ ಹುದುಗುವಾಗಲೇ ಹಾಕಿದರೆ ಹೊರಹೋಗುವ ಇಂಗಾಲದ ಡೈಆಕ್ಸೈಡ್ ಪರಿಮಳವನ್ನೂ ಹೊತ್ತೊಯ್ಯುತ್ತದೆ. ವಾರಗಟ್ಟಲೆ ಬಿಟ್ಟರೆ ಹುಲ್ಲಿನ ರುಚಿ. ಲೇಖನದಲ್ಲಿ ಬಾರದ ಇನ್ನೊಂದು ಮಾತು: ಹಾಪ್ಸ್‌ನಲ್ಲೇ ಕಿಣ್ವಗಳಿವೆ. ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್‌ಗಳನ್ನು ಅವು ಒಡೆದು ಸಕ್ಕರೆ ಮಾಡುತ್ತವೆ, ಯೀಸ್ಟ್ ಮತ್ತೆ ಎಚ್ಚರಗೊಳ್ಳುತ್ತದೆ, ಹೊಸದಾಗಿ ಡೈಅಸಿಟೈಲ್ ಹುಟ್ಟುತ್ತದೆ. ಹಾಪ್ಸ್ ಹಾಕಿದ ಮೇಲೂ ಗ್ರಾವಿಟಿ ನೋಡಬೇಕಾದ್ದು ಇದಕ್ಕೇ. ಅನುಮಾನವಿದ್ದರೆ ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಬಿಯರ್ ಇನ್ನೂ ತಯಾರಾಗಿಲ್ಲ. 20 ಡಿಗ್ರಿಗೆ ಏರಿಸಿ ಎರಡು ದಿನ ಬಿಡಿ. ವಾಸನೆ ಇಲ್ಲದಿದ್ದರೆ 2 ಡಿಗ್ರಿಗೆ ಇಳಿಸಿ ಎರಡು ದಿನ ತಿಳಿಯಾಗಲು ಬಿಡಬಹುದು. ತಣಿಯುವಾಗ ಪಾತ್ರೆ ಏರ್‌ಲಾಕ್ ಮೂಲಕ ಗಾಳಿ ಎಳೆದುಕೊಳ್ಳುತ್ತದೆ, ಅದಕ್ಕೊಂದು ಮುಚ್ಚಳ ಹಾಕುವುದೋ ಇಂಗಾಲದ ಡೈಆಕ್ಸೈಡ್ ತುಂಬಿದ ಬಲೂನ್ ಕಟ್ಟುವುದೋ ಮಾಡಬೇಕು. ಆಮ್ಲಜನಕ ಸೇರಿದರೆ ಹಾಪ್ಸ್ ಪರಿಮಳ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ವಾಸನೆಗೆ ತಿರುಗುತ್ತದೆ.

ಫ್ರಿಜ್ ಇಲ್ಲದವರೂ ಕೈಚೆಲ್ಲಬೇಕಿಲ್ಲ. ಅಗಲವಾದ ಟಬ್‌ನಲ್ಲಿ ಇನ್ನೊಂದು 20 ಲೀಟರ್ ನೀರು ತುಂಬಿ, ಪಾತ್ರೆಯನ್ನು ಅದರಲ್ಲಿ ನಿಲ್ಲಿಸಿ. ಒಂದು ಲೀಟರ್ ಬಾಟಲಿಯ ಮಂಜುಗಡ್ಡೆ ಕರಗಿದರೆ ಆ 40 ಲೀಟರ್ ಸುಮಾರು 2 ಡಿಗ್ರಿ ತಣಿಯುತ್ತದೆ. ಮೊದಲ ಮೂರು ದಿನ ಬೆಳಿಗ್ಗೆ ಸಂಜೆ ಬಾಟಲಿ ಬದಲಿಸಿದರೆ ಕಷ್ಟದ ಕಾಲ ದಾಟಿದಂತೆ. ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕುವುದು ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಷ್ಟಕ್ಕಷ್ಟೆ.

ಬಾಟಲಿಗೆ ತುಂಬುವಾಗ, ಒಳಗೆ ಗುಳ್ಳೆ ಹುಟ್ಟಲು, 20 ಲೀಟರ್‌ಗೆ 120 ಗ್ರಾಂ ಸಕ್ಕರೆ. ಬಿಯರ್ ಈಗ 2 ಡಿಗ್ರಿ ಇದೆಯಲ್ಲ ಎಂದು ಅದೇ ಅಂಕಿಯನ್ನು ಸಕ್ಕರೆಯ ಲೆಕ್ಕಕ್ಕೆ ಹಿಡಿಯಬಾರದು. ಹುದುಗುವಿಕೆಯ ಕೊನೆಯಲ್ಲಿ ತಲುಪಿದ ಗರಿಷ್ಠ ತಾಪಮಾನ, ಅಂದರೆ 21, ಹಿಡಿಯಬೇಕು. ಕರಗಿ ಉಳಿದ ಅನಿಲದ ಪ್ರಮಾಣ ನಿರ್ಧಾರವಾಗುವುದು ಅದರಿಂದ. 2 ಡಿಗ್ರಿ ಎಂದು ಲೆಕ್ಕ ಹಾಕಿದವರ ಬಿಯರ್ ಸಪ್ಪೆಯಾಗುತ್ತದೆ. ಗ್ರಾವಿಟಿ ಇನ್ನೂ ಇಳಿಯುತ್ತಿರುವಾಗಲೇ ತುಂಬಿದವರ ಬಾಟಲಿ ಸಿಡಿಯುತ್ತದೆ, ಗಾಜಿನ ಚೂರು ಯಾರಿಗಾದರೂ ತಗುಲಬಹುದು.

ಮುಂದೆ ಇಂಥ ಪಾಕವಿಧಿ ಪ್ರಕಟಿಸುವಾಗ ಕೋಣೆಯದಲ್ಲ, ಬಿಯರ್‌ನ ತಾಪಮಾನವನ್ನು ದಿನದ ಲೆಕ್ಕದಲ್ಲಿ ಕೊಡಿ, ಸೆನ್ಸರ್ ಎಲ್ಲಿರಬೇಕೆಂದೂ ಬರೆಯಿರಿ ಎಂದು ಕೋರುತ್ತೇನೆ. ಹಾಪ್ಸ್ ಪಟ್ಟಿಯಲ್ಲಿ ಎರಡು ಸಾಲು ಕಡಿಮೆಯಾದರೂ ಪರವಾಗಿಲ್ಲ.

ಇತಿ,
ನಿಮ್ಮ ಓದುಗ